ನನ್ನನ್ನು ಉಲ್ಲೇಖಿಸಿದ ಒಬ್ಬರೇ ಒಬ್ಬರು

ಬೀಜಗಣಿತಕ್ಕೆ ಅರ್ಧ ಆಯಸ್ಸು ಸುರಿದ ನನ್ನ ಸಂಶೋಧನೆಯನ್ನು ಉಲ್ಲೇಖಿಸಿದವರು ಜಗತ್ತಿನಲ್ಲಿ ಒಬ್ಬರೇ, ತೀರ್ಥಹಳ್ಳಿಯ ಒಬ್ಬ ಉಪನ್ಯಾಸಕರು. ಅವರು ಉಲ್ಲೇಖಿಸಿದ ನನ್ನ ಲೇಖನದ ಮುಖ್ಯ ಪ್ರಮೇಯವೇ ತಪ್ಪು ಅಂತ ಮೊನ್ನೆ ನನಗೇ ಗೊತ್ತಾಯಿತು. ಅದನ್ನು ನಂಬಿದ ಅವರ ಕೆಲಸವೂ ಕುಸಿಯುತ್ತಲ್ಲ ಎಂದು ನಿದ್ದೆಗೆಟ್ಟು ಸಾಗರದಲ್ಲಿ ಬಸ್ಸು ಹತ್ತಿದೆ. ಫೋನಿನಲ್ಲಿ ಹೇಳುವ ಮಾತೇ ಇದು?

ಅವರ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು ವಿಷಯ ಹೇಳಿ ಕ್ಷಮೆ ಕೇಳಿದೆ. ಅವರು ಟೀ ಲೋಟ ನನ್ನ ಕಡೆ ಸರಿಸಿ ನಕ್ಕರು.

“ಅಯ್ಯೋ, ಇದಕ್ಕೆ ಇಷ್ಟು ದೂರ ಬಂದ್ರಾ? ಏನೂ ಆಗಲ್ಲ ಸಾರ್. ನಾನು ಅದನ್ನ ಓದೇ ಇಲ್ಲ. ಆಕರಪಟ್ಟಿ ಚಿಕ್ಕದಾಯ್ತು ಅಂತ ಪತ್ರಿಕೆಯವರು ಅಂದ್ರು, ಸೇರಿಸ್ದೆ.”

ನಾನು ಲೋಟ ಎತ್ತಿಕೊಂಡೆ. ಅವರೇ ಸಮಾಧಾನ ಮಾಡಿದರು: “ತಿದ್ದುಪಡಿ ಪ್ರಕಟಿಸಿ ಸಾರ್, ಅದನ್ನೂ ಸೇರಿಸ್ತೀನಿ.”

ಹಾಗಾದರೆ ಉಲ್ಲೇಖ ಎರಡಾಗುತ್ತದೆ. ಓದಿದವನು ಮಾತ್ರ ನಾನೊಬ್ಬನೇ, ಅದೂ ತಡವಾಗಿ.