ಹೆಡ್ ಕ್ಲಾರ್ಕ್ ಮೆಚ್ಚಿದ ಅರ್ಜಿ

ದೊಡ್ಡಬಳ್ಳಾಪುರದಲ್ಲಿ ನಮ್ಮ ಎದುರುಮನೆಯವರು ಬ್ಯಾಂಕಿನ ಹೆಡ್ ಕ್ಲಾರ್ಕ್. ಯಾರು ಕಷ್ಟ ಹೇಳಿಕೊಂಡರೂ ಕನ್ನಡಕ ಹಣೆಗೇರಿಸಿ, “ನಾನಿದೀನಲ್ಲ, ಯೋಚ್ನೆ ಬಿಡಿ” ಅನ್ನುವರು. ಮಗ್ಗ ಕೊಳ್ಳಲು ಅಡವಿಟ್ಟಿದ್ದ ನಮ್ಮ ಮನೆಗೆ ಹರಾಜಿನ ನೋಟಿಸ್ ಬಂದಾಗಲೂ ಹಾಗೇ ಅಂದರು. ಕಂತಿಗೆ ಒಂದು ವರ್ಷ ವಾಯಿದೆ ಕೇಳಿ ಇಂಗ್ಲಿಷಿನಲ್ಲಿ ಅರ್ಜಿ ಕೊಡಬೇಕಿತ್ತು. ಕಾನ್ವೆಂಟ್ ಹೈಸ್ಕೂಲಿನ ಫಿಫ್ತ್ ಫಾರ್ಮಿನಲ್ಲಿದ್ದ ನಾನೇ ಬರೆದೆ.

“ಬ್ಯೂಟಿಫುಲ್ ಕಣಮ್ಮ! ಥೇಟ್ ದೊರೆಸಾನಿ ಇಂಗ್ಲಿಷು!” ಎಂದು ಹೆಡ್ ಕ್ಲಾರ್ಕರು ಅರ್ಜಿ ಇಸಿದುಕೊಂಡು ಆಫೀಸಿಗೆಲ್ಲ ಓದಿ ಹೇಳಿದರು.

ಮನೆ ಹರಾಜಾದ ಮೇಲೆ ಅಪ್ಪನ ಜೊತೆ ಕೇಳಲು ಹೋದೆ. ಅರ್ಜಿ ಅವರ ಡ್ರಾಯರಿನಲ್ಲೇ ಇತ್ತು. ಅದನ್ನೇ ನೋಡಿ ನಕಲು ಮಾಡಿ ತಮ್ಮ ಅರ್ಜಿ ಕೊಟ್ಟ ಆರು ಮನೆಯವರಿಗೆ ವಾಯಿದೆ ಸಿಕ್ಕಿತ್ತು.

“ಸ್ಯಾಂಪಲ್ ಅಂತ ಇಟ್ಕೊಂಡಿದ್ದೆ ತಾಯಿ. ಸಾಹೇಬ್ರಿಗೆ ಕಳಿಸೋದೇ ಮರೆತೋಯ್ತು.”

ಬೀದಿಗೆ ಬಂದ ಮೇಲೆ ಅಪ್ಪ ನನ್ನನ್ನು ಕೇಳಿದರು: “ಅಷ್ಟು ಚೆಂದಾಗಿ ಯಾಕವ್ವಾ ಬರೆದೆ?”