ಡಿಗ್ರಿ ಕೂಗದ ಅಕ್ಕಯಮ್ಮ

ತೂಬಗೆರೆಯ ಸುತ್ತಲಿನ ಊರುಗಳಲ್ಲಿ ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ ಮುಂದೆ ನಿಂತರೆ ಒಂದು ಕೂಗು ಕೇಳಿಸುತ್ತದೆ. ಹಾಲು ತಂದವರ ಹೆಸರು, ಎಷ್ಟು ಲೀಟರು, ಆಮೇಲೆ ಎಷ್ಟು ಡಿಗ್ರಿ. ಇಪ್ಪತ್ತೆಂಟು ಎಂದು ಕೂಗಿದರೆ ಹಾಲು ಗಟ್ಟಿಯಾಗಿದೆ ಎಂದರ್ಥ, ತಂದವರು ತಲೆ ಎತ್ತಿಕೊಂಡು ಹೋಗಬಹುದು. ಇಪ್ಪತ್ನಾಲ್ಕು ಎಂದು ಕೂಗಿದರೆ ಸಾಲಿನಲ್ಲಿದ್ದವರೆಲ್ಲ ಸೆರಗು ಅಡ್ಡ ಹಿಡಿದು ನಗುತ್ತಾರೆ, ಏಕೆಂದರೆ ಆ ಹಾಲಿಗೆ ನೀರು ಬಿದ್ದಿದೆ. ನಮ್ಮ ಊರಿನ ಡೈರಿಯಲ್ಲಿ ಮಾತ್ರ ಈ ಕೂಗು ಇರಲಿಲ್ಲ. ನಮ್ಮ ಟೆಸ್ಟರ್ ಅಕ್ಕಯಮ್ಮ ಇಪ್ಪತ್ತೆರಡು ವರ್ಷ ಯಾರ ಡಿಗ್ರಿಯನ್ನೂ ಕೂಗಲಿಲ್ಲ.

ಅಕ್ಕಯಮ್ಮ ಕುಳ್ಳಗಿನ ಹೆಂಗಸು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಗಂಡ ತೀರಿಕೊಂಡ ವರ್ಷ ಡೈರಿಯವರು ಕರೆದು ಕೆಲಸ ಕೊಟ್ಟರು. ಹಾಲನ್ನು ಒಂದು ಉದ್ದ ಲೋಟಕ್ಕೆ ಹಾಕಿ, ಅದರಲ್ಲಿ ಗಾಜಿನ ಲ್ಯಾಕ್ಟೋಮೀಟರ್ ತೇಲಿಬಿಟ್ಟು, ಕಣ್ಣನ್ನು ಹಾಲಿನ ಮಟ್ಟಕ್ಕೆ ಇಳಿಸಿ ನೋಡುತ್ತಿದ್ದರು. ಆಮೇಲೆ ಮಷೀನು ಬಂತು, ಲೋಟ ಹೋಯಿತು, ಆದರೆ ಅವರು ಬಗ್ಗಿ ನೋಡುವುದು ಹೋಗಲಿಲ್ಲ. ಮಷೀನಿನ ಮುಂದೆಯೂ ಹಾಗೇ ಬಗ್ಗುತ್ತಿದ್ದರು. ನೋಡಿದ್ದನ್ನು ಪುಸ್ತಕಕ್ಕೆ ಬರೆಯುತ್ತಿದ್ದರು, ಅಷ್ಟೇ.

ನೀರು ಬಿದ್ದಿದ್ದರೆ ಏನು ಮಾಡುತ್ತಿದ್ದರು ಎನ್ನುವುದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ನಾನು ದೊಡ್ಡಬಳ್ಳಾಪುರದ ಒಂದು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವನು. ಮಾರುವವನಿಗೆ ಗೊತ್ತಿರುವ ವಿಷಯ ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಅದನ್ನು ಅಸಮ ಮಾಹಿತಿ ಎನ್ನುತ್ತಾರೆ ಎಂದು ಬೋರ್ಡಿನ ಮೇಲೆ ಬರೆದು, ಅದಕ್ಕೆ ಹಾಲಿನ ಉದಾಹರಣೆಯನ್ನೇ ಕೊಟ್ಟು, ಹದಿನೆಂಟು ಬ್ಯಾಚು ಮಕ್ಕಳನ್ನು ಪಾಸು ಮಾಡಿಸಿದ್ದೇನೆ. ನಮ್ಮ ಮನೆಯಲ್ಲೂ ಒಂದು ಹಸು ಇದೆ. ಅದನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ ಅನಿತ, ಡೈರಿಯ ಸದಸ್ಯತ್ವ ಇರುವುದೂ ಅವಳ ಹೆಸರಿನಲ್ಲೇ. ಹಸುವಿನ ಬಗ್ಗೆ ನನಗೆ ಗೊತ್ತಿದ್ದದ್ದು ಕಾಫಿಗೆ ಹಾಲು ಬರುತ್ತದೆ ಎನ್ನುವುದಷ್ಟೇ.

ಹೋದ ವರ್ಷ ಮಾಗಿಯ ಚಳಿಯಲ್ಲಿ ಅನಿತಾಗೆ ಜ್ವರ ಬಂತು. ಅವಳು ಹಾಲು ಕರೆದು ಕ್ಯಾನಿಗೆ ಹಾಕಿಟ್ಟು ಮಲಗಿದಳು, ನಾನು ಡೈರಿಗೆ ತೆಗೆದುಕೊಂಡು ಹೋದೆ. ಅಕ್ಕಯಮ್ಮ ನನ್ನ ಮುಖ ನೋಡಿದರು, ಮಷೀನು ನೋಡಿದರು, ಬರೆದುಕೊಂಡರು. ಖಾಲಿ ಕ್ಯಾನನ್ನು ವಾಪಸ್ ಕೊಡುವಾಗ ಅದರ ಮುಚ್ಚಳ ತಲೆಕೆಳಗಾಗಿತ್ತು. ವಯಸ್ಸಾಯಿತು ಪಾಪ ಎಂದುಕೊಂಡು ನಾನೇ ಸರಿ ಮಾಡಿ ಮುಚ್ಚಿಕೊಂಡು ಬಂದೆ. ಮನೆಯಲ್ಲಿ ಹೇಳಿದಾಗ ಅನಿತ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಒಳಗಿನಿಂದಲೇ ಮಾತಾಡಿದಳು.

"ನೀರು ಹಾಕಿದ್ದೆ ರೀ. ಮುಚ್ಚಳ ಹಂಗೆ ಕೊಟ್ರೆ ಗೊತ್ತಾಗಿದೆ ಅಂತ ಅರ್ಥ. ಮೂರು ಸಲ ಹಂಗೆ ಕೊಟ್ರೆ ನಾಲ್ಕನೇ ಸಲ ಹಾಲು ತಗೊಳಲ್ಲ ಅಂತ ಅಕ್ಕಯಮ್ಮನೇ ಒಂದ್ಸಲ ಮೆಲ್ಲಗೆ ಹೇಳಿದ್ರು."

ನನಗೆ ಸಿಟ್ಟು ಬಂತು. ನೀರು ಹಾಕಿದರೆ ಲೀಟರು ಏರುತ್ತದೆ, ಡಿಗ್ರಿ ಇಳಿದು ದರ ಇಳಿಯುತ್ತದೆ, ಕೊನೆಗೆ ಕೈಗೆ ಸಿಗುವುದು ಅಷ್ಟೇ, ಇದಕ್ಕೆ ಯಾಕೆ ಬೇಕಿತ್ತು ಎಂದು ಜ್ವರದವಳಿಗೆ ಪಾಠ ಮಾಡಿದೆ. ಅವಳು ದುಡ್ಡಿಗಾಗಿ ನೀರು ಹಾಕಿರಲಿಲ್ಲ. ಹಸು ಎಂಟು ಲೀಟರಿನಿಂದ ಆರಕ್ಕೆ ಇಳಿದಿತ್ತು. ಮೂರು ವರ್ಷದಿಂದ ಎಲ್ಲರ ಮುಂದೆ ಎಂಟು ಬರೆಸಿದವಳಿಗೆ ಆರು ಬರೆಸುವುದಕ್ಕೆ ಮನಸ್ಸು ಬಂದಿರಲಿಲ್ಲ. ಮೊದಲಿನಿಂದ ಆರೇ ಇದ್ದಿದ್ದರೆ ಆರರಲ್ಲೇ ಸುಖವಾಗಿರುತ್ತಿದ್ದಳು. ಇದನ್ನೂ ನಾನು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಗಳಿಸದೇ ಇದ್ದದ್ದಕ್ಕಿಂತ ಕಳೆದುಕೊಂಡದ್ದು ಹೆಚ್ಚು ನೋಯಿಸುತ್ತದೆ ಎಂದು. ಜ್ವರ ಬಿಟ್ಟ ಮೇಲೆ ಅನಿತ ಆರು ಲೀಟರು ಬರೆಸಿದಳು. ಆ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ.

ಆಗ ನನಗೆ ಅಕ್ಕಯಮ್ಮನ ಮೇಲೆ ನಿಜವಾದ ಗೌರವ ಹುಟ್ಟಿತು. ಊರಿನ ಒಂದೊಂದು ಮನೆಯ ಗುಟ್ಟೂ ಅವರ ಹತ್ತಿರ ಇತ್ತು, ಆದರೆ ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ಗೊತ್ತಿರಲಿಲ್ಲ. ತಲೆಕೆಳಗಾದ ಮುಚ್ಚಳ ಕಂಡವರೆಲ್ಲ ತಮಗೊಬ್ಬರಿಗೇ ಹೀಗಾಗಿದೆ, ತಮ್ಮ ಮಾನವನ್ನಷ್ಟೇ ಈ ಹೆಂಗಸು ಕಾಪಾಡುತ್ತಿದ್ದಾರೆ ಎಂದುಕೊಂಡಿದ್ದರು. ಅನಿತಾನೂ ಹಾಗೇ ತಿಳಿದಿದ್ದಳು.

ಈ ಮಳೆಗಾಲದಲ್ಲಿ ಅಕ್ಕಯಮ್ಮನ ಕೆಲಸಕ್ಕೇ ಕುತ್ತು ಬಂತು. ನಮ್ಮ ಊರಿನ ಹಾಲು ಒಟ್ಟಾಗಿ ಹೋಗುವ ಶೀತಲ ಕೇಂದ್ರದವರು ಎರಡು ತಿಂಗಳಿಂದ ಡಿಗ್ರಿ ಇಳಿದಿದೆ ಎಂದು ಕಾಗದ ಕಳಿಸಿದರು. ಡೈರಿಯ ಹೊಸ ಅಧ್ಯಕ್ಷ ಭೀಮರಾಜ್ ಚುರುಕಿನ ಮನುಷ್ಯ, ಕೆಟ್ಟವನಲ್ಲ. ದಾಬಸ್‌ಪೇಟೆಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದವನು, ಯಾವುದೇ ತಪ್ಪನ್ನು ಗೋಡೆಯ ಮೇಲೆ ಬರೆದು ಅಂಟಿಸಿದರೆ ಸರಿಹೋಗುತ್ತದೆ ಎಂದು ನಂಬಿದವನು. ಪುಸ್ತಕದಲ್ಲಿ ಎಲ್ಲರ ಡಿಗ್ರಿಯೂ ಇಳಿದಿತ್ತು, ಯಾರದು ನೀರು ಎಂದು ಅದರಿಂದ ಗೊತ್ತಾಗುತ್ತಿರಲಿಲ್ಲ. ಅಕ್ಕಯಮ್ಮ ನೀರು ಹಾಕುವವರ ಹೆಸರು ಹೇಳಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದ. ಅವರ ಜಾಗಕ್ಕೆ ಬಿ.ಕಾಂ. ಓದಿದ ಮಮತ ಎಂಬ ಹುಡುಗಿ ಸಿದ್ಧವಾಗಿದ್ದಳು. ನಮ್ಮ ಊರಿಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಆಡಳಿತ ಮಂಡಳಿಯಲ್ಲಿ ಒಮ್ಮತ ಬರದೆ ವಿಷಯ ಸದಸ್ಯರ ಸಭೆಗೆ ಬಂತು.

ಸಭೆಯ ಹಿಂದಿನ ದಿನ ಸಂಜೆ ಅಕ್ಕಯಮ್ಮನ ಮನೆಗೆ ಹೋದೆ. ಅವರು ಕೊಟ್ಟಿಗೆಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದರು. ಇರುವುದು ಅದೊಂದು ಹಸು, ಅರ್ಧ ಎಕರೆ ರಾಗಿ ಹೊಲ. ಮಗಳು ಸಿಂಚನ ನೆಲಮಂಗಲದಲ್ಲಿ ನರ್ಸಿಂಗ್ ಎರಡನೇ ವರ್ಷ. ಮನೆ, ಹುಡುಗಿಯ ಹಾಸ್ಟೆಲು ಎಲ್ಲ ನಡೆಯುವುದು ಡೈರಿಯ ಸಂಬಳದಲ್ಲೇ.

"ಹೆಸರು ಹೇಳಿಬಿಡಿ ಅಕ್ಕಯಮ್ಮ, ನೀವ್ಯಾಕೆ ಅವರ ಪಾಪ ಹೊರ್ತೀರ?" ಎಂದೆ. ನಮ್ಮ ಮನೆಯ ಹೆಸರೂ ಅದರಲ್ಲಿರಬಹುದು ಎನ್ನುವುದು ಹೇಳಿದ ಮೇಲೆ ಹೊಳೆಯಿತು.

"ಈಗ ಹಾಕೋರು ಹತ್ತು ಹನ್ನೆರಡು ಮನೆ ಇದ್ದಾರೆ ಮೇಷ್ಟ್ರೇ, ಅದಕ್ಕೆಲ್ಲ ಅಷ್ಟು ಡಿಗ್ರಿ ಇಳಿಯಲ್ಲ. ಎಲ್ರೂ ಬರೀ ಹಸಿ ಹುಲ್ಲು ಹಾಕ್ತಾವ್ರೆ, ಅದಕ್ಕೆ ಇಳಿದಿರೋದು. ಇದನ್ನ ಭೀಮರಾಜಂಗೂ ಹೇಳ್ದೆ. ಹೆಸರು ಮಾತ್ರ ಹೇಳಲ್ಲ."

"ಹಾಗಾದ್ರೆ ಒಂದು ಉಪಾಯ ಇದೆ. ಅಕ್ಕಯಮ್ಮ ಬೇಡ ಅನ್ನೋರು ಕೈ ಎತ್ತಿ ಅಂತ ನಾನು ಸಭೇಲಿ ಕೇಳ್ತೀನಿ. ಯಾರು ಎತ್ತುತ್ತಾರೆ? ನೀವು ಬೇಡವಾಗಿರೋದು ನಿಮ್ಮ ಕೈಗೆ ಸಿಕ್ಕಿಬೀಳೋರಿಗೆ ತಾನೇ. ಎತ್ತಿದೋನು ನೀರು ಹಾಕೋನು ಅಂತ ತಾನೇ ಒಪ್ಪಿಕೊಂಡಂಗೆ ಆಗುತ್ತೆ. ಒಂದು ಕೈನೂ ಮೇಲೆ ಬರಲ್ಲ."

ನನ್ನ ಬುದ್ಧಿಗೆ ನಾನೇ ಹಿಗ್ಗಿದ್ದೆ. ಓಟು ಹಾಕುವವರು ಅವರೇ ಆದರೂ ಕೇಳುವ ರೀತಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂದು ಪುಸ್ತಕದಲ್ಲಿ ಇರುವುದು ಸುಳ್ಳಲ್ಲ. ಅಕ್ಕಯಮ್ಮ ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು.

"ಹೆದರಿಕೊಂಡು ಸುಮ್ನಿದ್ದೋರ ದೆಸೆಯಿಂದ ಕೆಲಸ ಉಳಿಸ್ಕೊಂಡ್ರೆ, ನಾಳೆಯಿಂದ ಅವರ ಹಾಲು ಹೆಂಗೆ ನೋಡ್ಲಿ? ಚೀಟಿ ಹಾಕ್ಲಿ ಬಿಡಿ."

"ಚೀಟಿ ಹಾಕಿದ್ರೂ ಗೆಲ್ತೀರ. ಹಾಕೋರು ಹನ್ನೆರಡು ಮನೆ ಅಂದ್ರಲ್ಲ," ಎಂದೆ. ಅವರು ಎದ್ದು ಬೂಸಾ ಬಕೆಟ್ಟನ್ನು ಹಸುವಿನ ಮುಂದಕ್ಕೆ ಸರಿಸಿದರು.

ಸಭೆ ಭಾನುವಾರ ಹತ್ತು ಗಂಟೆಗೆ, ಶಾಲೆಯ ಹಾಲ್‌ನಲ್ಲಿ. ಎಂಬತ್ತೆರಡು ಸದಸ್ಯರು ಬಂದಿದ್ದರು, ಮುಕ್ಕಾಲು ಪಾಲು ಹೆಂಗಸರು. ಭೀಮರಾಜ್ ಶೀತಲ ಕೇಂದ್ರದ ಕಾಗದ ಓದಿ, ಹೆಸರು ಹೇಳುವಂತೆ ಅಕ್ಕಯಮ್ಮನನ್ನು ಮತ್ತೊಮ್ಮೆ ಕೇಳಿದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ.

"ಹೇಳಲ್ಲಪ್ಪ. ನಾನು ಬೇಕೋ ಮಮತ ಬೇಕೋ, ಚೀಟೀಲಿ ಬರೆದು ಹಾಕ್ಲಿ," ಎಂದರು ಅಕ್ಕಯಮ್ಮ.

ಶಾಲೆಯ ನೋಟುಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದೆವು. ಓದಿದವನು ಎಂದು ಎಣಿಸುವ ಕೆಲಸ ನನಗೆ ಕೊಟ್ಟರು. ಅಕ್ಕಯಮ್ಮನಿಗೆ ಎಪ್ಪತ್ತು, ಮಮತಾಗೆ ಹನ್ನೆರಡು ಎಂದು ಮನಸ್ಸಿನಲ್ಲೇ ಬರೆದುಕೊಂಡು ಡಬ್ಬ ಬಿಚ್ಚಿದೆ. ಮೊದಲ ಐದು ಚೀಟಿಯಲ್ಲಿ ನಾಲ್ಕು ಮಮತಾಗೆ. ಎಣಿಸಿ ಮುಗಿಸಿ, ನಂಬದೆ ಇನ್ನೊಮ್ಮೆ ಎಣಿಸಿದೆ. ಮಮತಾಗೆ ನಲವತ್ನಾಲ್ಕು, ಅಕ್ಕಯಮ್ಮನಿಗೆ ಮೂವತ್ತೆಂಟು.

ಎರಡನ್ನೂ ಓದಿ ಹೇಳಿದೆ. ಈ ಊರಿನ ಮೇಲೆ ಅವತ್ತು ಬಂದಷ್ಟು ಸಿಟ್ಟು ನನಗೆ ಯಾವತ್ತೂ ಬಂದಿಲ್ಲ. ಅಕ್ಕಯಮ್ಮ ಎದ್ದು ಡೈರಿಯ ಬೀಗದ ಕೈಯನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮಮತಳ ಕೈಗೆ ಕೊಟ್ಟರು. ಮಷೀನು ಬೆಳಿಗ್ಗೆ ಹತ್ತು ನಿಮಿಷ ಬಿಸಿಯಾಗಬೇಕು, ಮೊದಲ ಎರಡು ರೀಡಿಂಗ್ ನಂಬಬೇಡ ಎಂದು ಹೇಳಿಕೊಟ್ಟು ಮನೆಗೆ ಹೋದರು.

ಅವತ್ತು ಸಂಜೆ ಸಮಾಧಾನ ಹೇಳಲು ಹೋದೆ. ಹೋದವನು ಹೇಳಿದ್ದು ಮಾತ್ರ ಬರೀ ಬೈಗುಳ. ಇಡೀ ಊರೇ ನೀರು ಹಾಕುತ್ತದೆ, ನಿಮಗೆ ಗೊತ್ತಿದ್ದರೂ ನನಗೆ ಹನ್ನೆರಡು ಮನೆ ಎಂದು ಸುಳ್ಳು ಹೇಳಿದಿರಿ ಎಂದೆ. ಅಕ್ಕಯಮ್ಮನ ಕಣ್ಣು ಕೆಂಪಾಗಿತ್ತು, ಅತ್ತಿದ್ದರು. ಆದರೂ ಮಾತು ಎಂದಿನಂತೆ ನಿಧಾನವಾಗಿತ್ತು.

"ಇಲ್ಲ ಮೇಷ್ಟ್ರೇ, ಹನ್ನೆರಡೇ. ಅವ್ರೆಲ್ಲ ನಂಗೇ ಹಾಕಿರ್ತಾರೆ. ನಾನು ಬಾಯ್ಬಿಡಲ್ಲ ಅಂತ ಗೊತ್ತು, ಕೂಗೋರು ಬಂದ್ರೆ ಅವ್ರಿಗೇ ಕಷ್ಟ."

"ಮತ್ತೆ ಆ ನಲವತ್ನಾಲ್ಕು ಯಾರು?"

"ನಿಲ್ಲಿಸಿದೋರು."

ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ನೋಡದೆ ಹಸುವಿನ ಕಡೆ ನೋಡಿಕೊಂಡು ಬಿಡಿಸಿ ಹೇಳಿದರು.

"ಮುಚ್ಚಳ ನೋಡಿ ನಾಚಿಕೊಂಡು ನಿಲ್ಲಿಸಿದೋರು. ಈಗ ಒಳ್ಳೆ ಹಾಲೇ ತತ್ತಾರೆ. ಆದ್ರೆ ದಿನಾ ಬೆಳಿಗ್ಗೆ ನನ್ನ ಮುಖ ನೋಡ್ಬೇಕಲ್ಲ, ನೋಡಿದಾಗೆಲ್ಲ ಅದು ನೆನಪಾಗುತ್ತೆ. ಮಮತಂಗೆ ಏನೂ ಗೊತ್ತಿಲ್ಲ. ಅವಳ ಮುಂದೆ ಅವ್ರು ಹೊಸಬರಂಗೆ ನಿಂತ್ಕೋಬೋದು."

"ಇದು ನಿಮಗೆ ಮೊದಲೇ ಗೊತ್ತಿತ್ತಾ?"

"ಅಷ್ಟು ಜನ ಅಂತ ಗೊತ್ತಿರ್ಲಿಲ್ಲ. ಮೂವತ್ತಾಗಬೋದು ಅಂದ್ಕೊಂಡಿದ್ದೆ."

ದಾರಿಯುದ್ದಕ್ಕೂ ನನ್ನ ಪಾಠವನ್ನೇ ತಿರುಗಿಸಿ ಮುರುಗಿಸಿ ನೋಡಿಕೊಂಡು ಬಂದೆ. ಯಾರಿಗೆ ಲಾಭವೋ ಅವರು ಅದಕ್ಕೇ ಓಟು ಹಾಕುತ್ತಾರೆ ಎಂದು ನಂಬಿ ನಾನು ಹನ್ನೆರಡು ಎಂದು ಬರೆದುಕೊಂಡಿದ್ದೆ. ಬೇರೆಯವರ ಮನೆಗಳನ್ನು ಎಣಿಸಿದವನು ನನ್ನ ಮನೆಯನ್ನು ಎಣಿಸಿರಲಿಲ್ಲ.

ಅನಿತ ಹಿತ್ತಲಿನಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ, ಏನೂ ಕೇಳಲಿಲ್ಲ. ಅವಳು ನನ್ನ ಮುಖ ನೋಡಿದವಳೇ ಕ್ಯಾನನ್ನು ಕೆಳಗಿಟ್ಟಳು.

"ಮಮತಂಗೆ ಹಾಕ್ದೆ ರೀ. ಅಕ್ಕಯಮ್ಮ ಗೆದ್ದೇ ಗೆಲ್ತಾರೆ, ನನ್ನದೊಂದು ಚೀಟಿಯಿಂದ ಏನಾಗುತ್ತೆ ಅಂತ ಹಾಕ್ಬಿಟ್ಟೆ."

ಉಳಿದ ನಲವತ್ಮೂರು ಜನರೂ ಇದನ್ನೇ ಅಂದುಕೊಂಡು ಹಾಕಿರಬೇಕು ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಅವಳು ಒದ್ದೆ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

"ನೀರು ನಿಲ್ಲಿಸಿ ಏಳು ತಿಂಗಳಾಯ್ತು. ಒಂದು ದಿನಾನೂ ತಪ್ಪಿಲ್ಲ. ಅದೂ ಅವ್ರಿಗೊಬ್ರಿಗೇ ರೀ ಗೊತ್ತಿದ್ದಿದ್ದು."