ಒಳಗೆ ಬಿಡುವ ನಾಲ್ಕು ಬೆರಳು

ಅವಳನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಬೀದಿಗೆಲ್ಲ ಅವಳು ಟೇಪಮ್ಮ. ಕೊರಳಲ್ಲಿ ಸರ ಇಲ್ಲದಿದ್ದರೂ ನಡೆದೀತು, ಅಳತೆಯ ಟೇಪು ಇಲ್ಲದಿದ್ದರೆ ಅವಳಿಗೆ ಬೀದಿಗೆ ಇಳಿಯಲು ಸಂಕೋಚ. ಊಟಕ್ಕೆ ಕೂತಾಗಲೂ ಟೇಪು, ಸಾವಿನ ಮನೆಗೆ ಹೋದಾಗಲೂ ಟೇಪು. ಒಮ್ಮೆ ಹಾಗೆ ಹೋದ ಮನೆಯಲ್ಲಿ ಯಾರೋ ಕಿವಿಯ ಹತ್ತಿರ ಬಂದು, "ಅವರಿಗೆ ಇನ್ನು ಅಳತೆ ಬೇಡ, ತೆಗೆದಿಡಮ್ಮ" ಅಂದರಂತೆ. ಇದನ್ನು ಅವಳೇ ಹೇಳಿಕೊಂಡು ನಗುತ್ತಾಳೆ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿ ಎಂದರೆ ಎರಡು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆ ಒಡೆದ ನಿಲುವುಗನ್ನಡಿ, ಕಿಟಕಿಯ ಬೆಳಕಿಗೆ ಕೂತು ಕಾಜಾ ಹಾಕುವ, ಗುಂಡಿ ಹೊಲಿಯುವ ಗಂಡ. ಆತನದು ಮಾತು ಕಡಿಮೆ. ಬಾಯಲ್ಲಿ ಯಾವಾಗಲೂ ದಾರವೋ ಸೂಜಿಯೋ ಇರುವಾಗ ಮಾತಾಡುವುದಾದರೂ ಹೇಗೆ? ಕೆಲಸ ಹೆಚ್ಚಾಗಿ ಶಾಲೆ ಮಕ್ಕಳ ಯೂನಿಫಾರ್ಮು. ಅದರಲ್ಲಿ ಟೇಪಮ್ಮ ಎತ್ತಿದ ಕೈ. ಅವಳು ಹೊಲಿದ ಅಂಗಿ, ಚಡ್ಡಿ, ಲಂಗ ಯಾವುದನ್ನೇ ತಿರುಗಿಸಿ ನೋಡಿ, ಒಳಗಿನ ಮಡಿಕೆಯಲ್ಲಿ ನಾಲ್ಕು ಬೆರಳಷ್ಟು ಬಟ್ಟೆ ಉಳಿದಿರುತ್ತದೆ. ಮಗು ಬೆಳೆದ ಹಾಗೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಬಹುದು.

"ಬೆಳೆಯೋ ಮಕ್ಕಳು ಕಣ್ರೀ. ಮೈಗೆ ಅಂಟೋ ಹಾಗೆ ಹೊಲಿದ್ರೆ ಮುಂದಿನ ವರ್ಷ ಹೊಲಿಗೆ ಬಾಯಿ ಬಿಡುತ್ತೆ. ಒಳಗೆ ಇಲ್ಲದ ಬಟ್ಟೇನ ಆಮೇಲೆ ಎಲ್ಲಿಂದ ತರ್ತೀರ?" ಎಂದು ಪ್ರತಿ ತಾಯಿಯನ್ನೂ ಕೇಳುತ್ತಾಳೆ. ಉತ್ತರಕ್ಕೆ ಕಾಯುವ ಅಭ್ಯಾಸ ಇಲ್ಲ.

ಅವಳ ಬಳಿ ಇನ್ನೊಂದು ಮಾತಿತ್ತು. ಬಸುರಿ ಗಿರಾಕಿ ಬಂದರೆ ಅದನ್ನು ಕೇಳಿಸಿಕೊಳ್ಳದೆ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. "ನನ್ನ ಮಗಳನ್ನ ಹೂ ಎತ್ತಿದ ಹಾಗೆ ಹೆತ್ತೆ. ನೋವು ಬಂತು ಅನ್ನೋದ್ರೊಳಗೆ ಮಗು ಬಂತು! ಎರಡು ಕೈಯೊಳಗೆ ಹಿಡಿಸೋಷ್ಟು ಪುಟ್ಟದು. ನೀನೂ ಬಾಯಿ ಕಟ್ಟು ತಾಯಿ, ಸುಖವಾಗಿ ಹೆರ್ತೀಯ."

ಈ ಬಾಯಿ ಕಟ್ಟುವ ವಿದ್ಯೆ ಅವಳದಲ್ಲ, ಅವಳ ಅತ್ತೆಯದು. ಅಂಗಡಿ ಕಟ್ಟಿದವಳು ಆ ಅತ್ತೆ. ಬಟ್ಟೆಯ ಮೇಲೆ ಹೇಗೋ ಮನುಷ್ಯರ ಮೇಲೂ ಹಾಗೇ ಆಕೆಗೆ ಟೇಪಿನ ಮೇಲೆ ನಂಬಿಕೆ. ಸೊಸೆ ಬಸುರಿ ಎಂದು ಗೊತ್ತಾದ ದಿನದಿಂದ ವಾರಕ್ಕೊಮ್ಮೆ ಅವಳನ್ನು ಆ ಒಡಕು ಕನ್ನಡಿಯ ಮುಂದೆ ನಿಲ್ಲಿಸಿ ಹೊಟ್ಟೆಯ ಸುತ್ತ ಟೇಪು ಹಿಡಿಯುತ್ತಿದ್ದಳು. ಇಂಚು ಏರಿತೋ, ಆ ವಾರ ಅನ್ನ ಇಳಿಯಿತು. ರಾತ್ರಿ ಊಟಕ್ಕೆ ಗಂಜಿ, ಅದೂ ಸೌಟು ಎಣಿಸಿ. ಪ್ರಪಂಚದಲ್ಲಿ ಬಸುರಿಯ ಹೊಟ್ಟೆಯನ್ನು ಪ್ಯಾಂಟಿನ ಸೊಂಟದ ಹಾಗೆ ಅಳತೆಗೆ ತರಲು ಹೊರಟವರು ದರ್ಜಿಗಳಲ್ಲದೆ ಇನ್ಯಾರಿದ್ದಾರು!

ಹಾಗಂತ ಅತ್ತೆ ರಾಕ್ಷಸಿಯಲ್ಲ. ಆಕೆಯ ಹಿರಿಮಗಳು ಚೆನ್ನಾಗಿ ತಿಂದುಂಡು, ದೊಡ್ಡ ಮಗುವನ್ನು ಹೆರಲಾರದೆ, ಮಗುವಿನ ಜೊತೆಗೇ ಹೋಗಿಬಿಟ್ಟಿದ್ದಳು. ಹಾವು ಕಚ್ಚಿದವಳಿಗೆ ಹಗ್ಗ ಕಂಡರೂ ಭಯ. "ಮಗು ಚಿಕ್ಕದಿರಲಿ, ಸೊಸೆ ಬದುಕಲಿ" ಎನ್ನುವುದು ಆಕೆಯ ಲೆಕ್ಕ. ಅನ್ನ ಇಳಿಸುವಾಗ ಆಕೆಯ ಕಣ್ಣಲ್ಲಿ ನೀರಿರುತ್ತಿತ್ತು ಎನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ಈಗ ಬದುಕಿಲ್ಲದ ಅತ್ತೆಗೆ ಅನ್ಯಾಯ.

ಸೊಸೆ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಿಷನ್ ತುಳಿದಳು. ಹಸಿವು ತಡೆಯಲಾಗದೆ ಬಟ್ಟೆಯ ಮೇಲೆ ಗೆರೆ ಎಳೆಯುವ ಚಪ್ಪಟೆ ಸೀಮೆಸುಣ್ಣವನ್ನು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅತ್ತೆಗೆ ಇಲಿಯ ಮೇಲೆ ಅನುಮಾನ. ಗಂಡನಿಗೆ ಮಾತ್ರ ಗೊತ್ತಿತ್ತು. ಒಂದು ದಿನ ಗುಂಡಿ ಡಬ್ಬಿಯ ತಳದಲ್ಲಿ ಹುರಿದ ಕಡಲೆಬೀಜ ಮುಚ್ಚಿಟ್ಟು ಕಣ್ಣಲ್ಲೇ ಸನ್ನೆ ಮಾಡಿದ. ಎರಡನೇ ದಿನವೇ ಅವನಮ್ಮ ಬಿಳಿ ಗುಂಡಿ ಹುಡುಕುತ್ತ ಕೈ ಹಾಕಿದಳು. ಅಲ್ಲಿಗೆ ಆ ಔತಣ ಮುಗಿಯಿತು.

ಮಗಳು ಹುಟ್ಟಿದಳು. ತೂಕ ಎರಡು ಕಿಲೋ ಮುಟ್ಟಲಿಲ್ಲ. ಹೆರಿಗೆ ನಿಜಕ್ಕೂ ಸಲೀಸು. ಅತ್ತೆ ಗೆದ್ದಳು, ಸೊಸೆಯೂ ಬದುಕಿದಳು. ವರ್ಷಗಳು ಉರುಳಿದ ಮೇಲೆ ಸೊಸೆಯ ಬಾಯಲ್ಲಿ ಹಸಿವು ಜಾರಿಹೋಗಿ ಹೂವು ಮಾತ್ರ ಉಳಿಯಿತು. ಸೀಮೆಸುಣ್ಣವೂ ತಮಾಷೆಯಾಯಿತು. ಮಗಳು ಓದಿ ಶಾಲೆಯಲ್ಲಿ ಟೀಚರ್ ಆದಾಗ ಟೇಪಮ್ಮ ಬೀದಿಗೆಲ್ಲ ಹೇಳಿದಳು, "ಹೊಟ್ಟೇಲಿದ್ದಾಗಲೇ ಸೀಮೆಸುಣ್ಣ ತಿಂದಿದ್ಲು, ಇನ್ನೇನಾಗ್ತಾಳೆ?"

ಮಗಳು ಕಡ್ಡಿ. ಬಸ್ ಓಡಿಸುವ ಗಂಡನ ಜೊತೆ ಪಕ್ಕದ ಬೀದಿಯಲ್ಲೇ ಮನೆ. ಮಿತವಾಗಿ ತಿನ್ನುತ್ತಾಳೆ, ಶಾಲೆಗೆ ನಡೆದೇ ಹೋಗುತ್ತಾಳೆ. ಮೂವತ್ತು ತುಂಬುವ ಮೊದಲೇ ಬಿಪಿ ಶುರುವಾಯಿತು. ಈಗ ಚೊಚ್ಚಲ ಬಸುರಿ. ರಕ್ತ ಪರೀಕ್ಷೆಯಲ್ಲಿ ಸಕ್ಕರೆಯೂ ಸಿಕ್ಕಿತು.

"ನಮ್ಮ ಆಟದ ಮೇಷ್ಟ್ರು ನನ್ನ ಮೂರರಷ್ಟಿದ್ದಾರೆ, ಅವರಿಗೇನೂ ಇಲ್ಲ. ನಂಗ್ಯಾಕಮ್ಮ?" ಎಂದು ಮಗಳು ಅಂಗಡಿಯ ಮೇಜಿಗೆ ತಲೆಯಾನಿಸಿ ಅತ್ತಳು. ಟೇಪಮ್ಮನಿಗೂ ಪಿತ್ತ ನೆತ್ತಿಗೇರಿತು. ತಿಂದು ತೇಗಿದವರನ್ನೆಲ್ಲ ಬಿಟ್ಟು ಈ ಕಾಯಿಲೆ ತಿನ್ನದವಳ ಮನೆಯನ್ನೇ ಹುಡುಕಿಕೊಂಡು ಬರಬೇಕೇ?

ಆಸ್ಪತ್ರೆಯಲ್ಲಿ ಸೂಜಿಮದ್ದು ಕೊಟ್ಟರು, ಯಾವ ಹೊತ್ತಿಗೆ ಏನು, ಎಷ್ಟು ತಿನ್ನಬೇಕು ಎಂದು ಹೇಳಿ ಕಳಿಸಿದರು. ಮಗಳು ಹೆದರಿದವಳು. ಹೇಳಿದ್ದರಲ್ಲಿ ಅರ್ಧ ತಿಂದಳು, ಆಮೇಲೆ ಕಾಲು ಭಾಗ. ಸಕ್ಕರೆ ಇಳಿಯಿತು, ಅವಳಿಗೆ ಧೈರ್ಯ ಬಂತು. ತಾಯಿಯೂ ಬೆನ್ನು ತಟ್ಟಿದಳು. "ಒಳ್ಳೇದೇ ಆಯ್ತು ಬಿಡು. ಮಗು ಸಣ್ಣಗಿರುತ್ತೆ. ನನ್ನ ಹಾಗೇ ಹೂ ಎತ್ತಿದ ಹಾಗೆ ಹೆರ್ತೀಯ."

ಏಳು ತಿಂಗಳಾದಾಗ ಮಗಳ ಜೊತೆ ಟೇಪಮ್ಮ ತಾನೇ ಆಸ್ಪತ್ರೆಗೆ ಹೋದಳು. ಹಸಿರು ಪರದೆಯ ಹಿಂದೆ ಮಗಳು ಮಲಗಿದ್ದಳು. ದಪ್ಪ ಕನ್ನಡಕದ ನರ್ಸು ಜೇಬಿನಿಂದ ಟೇಪು ತೆಗೆದಳು. ಟೇಪಮ್ಮನ ಕಣ್ಣರಳಿತು. ತನ್ನ ಕೊರಳಲ್ಲಿರುವಂಥದೇ ಹಳದಿ ಟೇಪು! ಆದರೆ ನರ್ಸು ಅದನ್ನು ಹೊಟ್ಟೆಯ ಸುತ್ತ ಹಿಡಿಯಲಿಲ್ಲ, ಮೇಲಿನಿಂದ ಕೆಳಕ್ಕೆ ಹಿಡಿದಳು. ಇಂಚಿನ ಕಡೆ ನೋಡಲಿಲ್ಲ, ಹಿಂಬದಿಯ ಸೆಂಟಿಮೀಟರ್ ನೋಡಿದಳು. ಮತ್ತೊಮ್ಮೆ ಹಿಡಿದಳು. ಮುಖ ಗಂಟಾಯಿತು.

"ಹೋದ ಸಲ ಎಷ್ಟಿತ್ತೋ ಅಷ್ಟೇ ಇದೆ."

"ಏರಿಲ್ವಾ? ಒಳ್ಳೇದಾಯ್ತು," ಎಂದಳು ಟೇಪಮ್ಮ.

ನರ್ಸು ಕನ್ನಡಕದ ಮೇಲಿಂದ ನೋಡಿದಳು. "ಏನಮ್ಮಾ ಒಳ್ಳೇದು? ಮಗು ಬೆಳೀತಾ ಇಲ್ಲ ಅಂತ ಹೇಳ್ತಿದೀನಿ."

ಟೇಪಮ್ಮ ಕೊರಳಿನ ಟೇಪನ್ನು ಹಿಡಿದುಕೊಂಡಳು. ಟೇಪು ಏರದಿದ್ದರೆ ಯಾರಾದರೂ ಮುಖ ಗಂಟಿಕ್ಕುತ್ತಾರೆ ಎನ್ನುವುದು ಅವಳಿಗೆ ಅದೇ ಮೊದಲು ಗೊತ್ತಾದದ್ದು.

ಡಾಕ್ಟರಮ್ಮ ಹೊಟ್ಟೆಯ ಸ್ಕ್ಯಾನ್ ನೋಡಿದರು. ಮಗಳನ್ನು ಏನೇನು ತಿಂದೆ ಎಂದು ವಿಚಾರಿಸಿದರು, ಅವಳು ತಡವರಿಸಿದಳು. ಬಿಪಿಯ ಹಳೆಯ ಕಥೆ ಕೇಳಿದ ಮೇಲೆ ತಾಯಿಯ ಕಡೆ ತಿರುಗಿದರು.

"ಇವರು ಹುಟ್ಟಿದಾಗ ತೂಕ ಎಷ್ಟಿತ್ತು, ನೆನಪಿದೆಯಾ?"

ಈ ಪ್ರಶ್ನೆಗಾಗಿಯೇ ಟೇಪಮ್ಮ ಜನ್ಮವಿಡೀ ಕಾದಿದ್ದಳು ಎನ್ನಬೇಕು. ಹೂವು, ಎರಡು ಕೈ, ಅತ್ತೆಯ ಟೇಪು, ಗಂಜಿ, ಇಲಿಯ ಮೇಲಿನ ಅನುಮಾನ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಟೀಚರ್ ಆದ ತಮಾಷೆಯನ್ನೂ ಸೇರಿಸಿ ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿ, ತಿರುಗಿ ಬೈಯಬಹುದಿತ್ತು.

"ನೋಡೀಮ್ಮ," ಎಂದರು. "ತಾಯಿಗೆ ಊಟ ಸಾಲದಿದ್ರೆ ಒಳಗಿರೋ ಮಗು ಇದ್ದಿದ್ದರಲ್ಲೇ ಸುಧಾರಿಸ್ಕೊಳ್ಳುತ್ತೆ. ಮೊದಲು ಮಿದುಳಿಗೆ ಕೊಟ್ಟು, ಉಳಿದ ಕಡೆ ಕೈ ಬಿಗಿ ಮಾಡುತ್ತೆ. ರಕ್ತದ ಸಕ್ಕರೆ ನೋಡ್ಕೊಳ್ಳೋ ಅಂಗ, ಮೂತ್ರಪಿಂಡ, ಇವೆಲ್ಲ ಕಡಿಮೆ ಸರಕಲ್ಲೇ ತಯಾರಾಗ್ತವೆ. ಚಿಕ್ಕವರಿದ್ದಾಗ ಏನೂ ಗೊತ್ತಾಗಲ್ಲ. ದೊಡ್ಡವರಾದ ಮೇಲೆ ಸಕ್ಕರೆ, ಬಿಪಿ, ಹೃದಯದ ತೊಂದರೆ ಬರೋ ಸಾಧ್ಯತೆ ಜಾಸ್ತಿ. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಸಣ್ಣಗೆ ಹುಟ್ಟಿದೋರಿಗೆಲ್ಲ ಬಂದೇ ಬರುತ್ತೆ ಅಂತಲೂ ಇಲ್ಲ. ಆದ್ರೆ ಈಗ ಇವರು ಉಪವಾಸ ಇದ್ರೆ, ಇವರ ಮಗೂಗೂ ಅದೇ ದಾರಿ."

"ತಿಂದ್ರೆ ಸಕ್ಕರೆ ಏರುತ್ತಲ್ಲ ಡಾಕ್ಟ್ರೇ?" ಎಂದಳು ಮಗಳು.

"ಏರಿದ್ರೆ ಮದ್ದು ನಾನು ಸರಿ ಮಾಡ್ತೀನಿ. ಹೇಳಿದ್ದನ್ನ ಹೇಳಿದಷ್ಟು ತಿನ್ನೋದು ನಿಮ್ಮ ಕೆಲಸ."

ದಾರಿಯುದ್ದಕ್ಕೂ ಟೇಪಮ್ಮ ಅದನ್ನೇ ಮೆಲುಕು ಹಾಕಿದಳು. ಡಾಕ್ಟರು ಹೇಳಿದ್ದರಲ್ಲಿ ಅಂಗಗಳ ವಿಷಯ ಅವಳ ತಲೆಗೆ ಅಷ್ಟಾಗಿ ಹತ್ತಲಿಲ್ಲ. ಕಡಿಮೆ ಸರಕಿನ ಮಾತು ಮಾತ್ರ ಹತ್ತಿತು. ಅಳತೆಗೆ ಸರಿಯಾಗಿ ಕತ್ತರಿಸಿ, ಒಳಗೆ ಏನೂ ಬಿಡದೆ ಹೊಲಿದ ಅಂಗಿ. ಮೈ ಬೆಳೆದ ಹಾಗೆ ಹೊಲಿಗೆ ಬಿಡುತ್ತ ಬರುತ್ತದೆ, ಬಿಚ್ಚಲು ಒಳಗೆ ಬಟ್ಟೆ ಇಲ್ಲ. ಇದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರಿದ್ದರು?

ಮರುದಿನ ಶಾಲೆ ಮುಗಿಸಿ ಮಗಳು ಅಂಗಡಿಗೆ ಬಂದಾಗ ಟೇಪಮ್ಮ ಮೇಜಿನ ಒಂದು ತುದಿ ಖಾಲಿ ಮಾಡಿ ತಟ್ಟೆ ಇಟ್ಟಳು. ಅನ್ನ, ಬೇಳೆ, ಸೊಪ್ಪು, ಬೇಯಿಸಿದ ಮೊಟ್ಟೆ; ಡಾಕ್ಟರು ಹೇಳಿದಷ್ಟೇ, ಅವರು ಹೇಳಿದ ಹೊತ್ತಿಗೇ. ಮಗಳು ಅನ್ನವನ್ನು ಬೆರಳಿಂದ ಪಕ್ಕಕ್ಕೆ ಸರಿಸಿದಳು.

"ಬೇಡಮ್ಮ. ಭಯ ಆಗುತ್ತೆ. ನೀನೂ ಕಡಿಮೆ ತಿಂದೇ ಹೆತ್ತೆ ಅಲ್ವಾ? ನಾನು ಚೆನ್ನಾಗೇ ಇದೀನಲ್ಲ."

ಚೆನ್ನಾಗೇ ಇದೀನಿ ಎಂದವಳ ಚೀಲದಲ್ಲಿ ಬಿಪಿ ಮಾತ್ರೆಯ ಹಾಳೆ ಕಾಣುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಟೇಪಮ್ಮ ನಿಂತಳು. ಒಂದು ಜನ್ಮದ ಹೆಮ್ಮೆ ಅದು, ಉಗುಳುವುದು ಸುಲಭವೇ? ಕೊನೆಗೆ ಮೇಜಿನ ಡ್ರಾಯರು ಎಳೆದು, ಒಂದು ಸೀಮೆಸುಣ್ಣದ ತುಂಡು ತೆಗೆದು ತಟ್ಟೆಯ ಪಕ್ಕ ಇಟ್ಟಳು.

"ಇದನ್ನ ತಿಂದೆ ನಾನು."

"ಗೊತ್ತು. ನಾನು ಟೀಚರ್ ಆಗ್ಲಿ ಅಂತ," ಎಂದು ಮಗಳು ಬಲವಂತಕ್ಕೆ ನಕ್ಕಳು.

"ಹಸಿವಿಗೆ ಕಣೇ!" ಟೇಪಮ್ಮನ ದನಿ ಅಂಗಡಿಯ ಹೊರಗೂ ಕೇಳಿಸಿತು. "ಹಸಿವಿಗೆ ತಿಂದೆ. ಹೂವೂ ಇಲ್ಲ, ಮಣ್ಣೂ ಇಲ್ಲ. ಕಣ್ಣು ಕತ್ತಲೆ ಬಂದು ಮಿಷನ್ ಮೇಲೆ ಬಿದ್ದಿದೀನಿ. ನೀನು ಹುಟ್ಟಿದಾಗ ಅಳೋದಕ್ಕೂ ನಿಂಗೆ ಶಕ್ತಿ ಇರಲಿಲ್ಲ. ಎಷ್ಟು ದಿನ ನಿನ್ನ ಮೂಗಿನ ಹತ್ತಿರ ಬೆರಳಿಟ್ಟು ನೋಡ್ತಾ ಕೂತಿದ್ದೆ ಗೊತ್ತಾ? ನಿಮ್ಮಪ್ಪನ್ನ ಕೇಳು!"

ಕಿಟಕಿಯ ಬಳಿ ಅಪ್ಪ ಬಾಯಿಂದ ದಾರ ತೆಗೆದ. "ಹೌದು," ಎಂದ.

ಅಷ್ಟು ಹೇಳಿ ಆತ ಎದ್ದು ಬಂದು ಗುಂಡಿ ಡಬ್ಬಿಯನ್ನು ಮಗಳ ಮುಂದೆ ಇಟ್ಟು ಹೋಗಿ ಕೂತ. ಅದರಲ್ಲಿ ಗುಂಡಿ ಒಂದೂ ಇರಲಿಲ್ಲ, ಬರೀ ಕಡಲೆಬೀಜ. ಈ ಸಲ ಮುಚ್ಚಳ ತೆರೆದೇ ಇತ್ತು. ಮಗಳು ಸೀಮೆಸುಣ್ಣವನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಆಮೇಲೆ ಅನ್ನವನ್ನು ಮುಂದಕ್ಕೆ ಎಳೆದುಕೊಂಡು ಕಲಸಿ ತಿನ್ನತೊಡಗಿದಳು.

ಅಲ್ಲಿಂದ ಮುಂದೆ ಮಗಳು ಹೊತ್ತು ತಪ್ಪದೆ ತಿಂದಳು, ಡಾಕ್ಟರಮ್ಮ ಮದ್ದು ಏರಿಸಿ ಇಳಿಸಿ ಸರಿದೂಗಿಸಿದರು. ಪ್ರತಿ ಸಲವೂ ಪರದೆಯ ಸಂದಿಯಿಂದ ಟೇಪಮ್ಮ ಇಣುಕಿ, "ಏರಿತಾ?" ಎಂದು ಕೇಳುತ್ತಿದ್ದಳು. ಏರಿತು ಎಂದರೆ ಮುಖ ಊರಗಲ. ಬಸುರಿ ಗಿರಾಕಿಗಳಿಗೂ ಮಾತು ಬದಲಾಯಿತು. "ಊಟ ಆಯ್ತಾ? ಮೊದಲು ಅದು ಹೇಳು, ಬಟ್ಟೆ ಆಮೇಲೆ."

ಹೆರಿಗೆ ಸಲೀಸಾಗಲಿಲ್ಲ. ಸಂಜೆ ಶುರುವಾದ ನೋವು ಮರುದಿನ ಮಧ್ಯಾಹ್ನದವರೆಗೂ ಎಳೆಯಿತು, ಮಗಳು ಆಸ್ಪತ್ರೆಯ ಸೂರು ಹಾರುವ ಹಾಗೆ ಕೂಗಿದಳು. ಹೊರಗೆ ಬೆಂಚಿನ ಮೇಲೆ ಟೇಪಮ್ಮ, ಅತ್ತೆಯ ಆ ಹಿರಿಮಗಳನ್ನು ನೆನೆದು ಟೇಪನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಅತ್ತೆಯ ಭಯ ಎಂಥದೆಂದು ಅವಳಿಗೆ ಅವತ್ತು ಗೊತ್ತಾಯಿತು. ಆದರೆ ಒಳಗೆ ಡಾಕ್ಟರಿದ್ದರು, ನರ್ಸಿದ್ದಳು. ಮಗು ಗಟ್ಟಿಯಾಗಿ ಅತ್ತಿತು. ಹೆಣ್ಣು, ಮೂರು ಕಿಲೋ.

ಅಂಗಡಿಗೆ ಬಂದ ಗಿರಾಕಿಯೊಬ್ಬಳು ಹಳೇ ಸಲಿಗೆಯಿಂದ, "ಏನ್ ಟೇಪಮ್ಮ, ಹೂ ಎತ್ತಿದ ಹಾಗಾಯ್ತಾ?" ಎಂದು ಕೇಳಿದಳು.

"ಎಲ್ಲಿಯ ಹೂವು ಮಾರಾಯ್ತಿ! ಕುಂಬಳಕಾಯಿ ಎತ್ತಿದ ಹಾಗಾಯ್ತು," ಎಂದಳು ಟೇಪಮ್ಮ, ಅದೇ ಹಳೇ ಹೆಮ್ಮೆಯಿಂದ.

ಮಗಳ ಸಕ್ಕರೆ ಮಾತ್ರ ಹೆರಿಗೆಯ ಜೊತೆ ಹೋಗಲಿಲ್ಲ. ಇನ್ನು ಮೇಲೆ ಮಾತ್ರೆ ತಪ್ಪುವಂತಿಲ್ಲ ಎಂದರು. ಒಂದು ಬೆಳಿಗ್ಗೆ ಮಗು ಮೇಜಿನ ಮೇಲೆ, ಬಟ್ಟೆಯ ಥಾನುಗಳ ನಡುವೆ ನಿದ್ದೆ ಮಾಡುತ್ತಿತ್ತು. ಮಗಳು ಮಾತ್ರೆ ನುಂಗಿ ನೀರು ಕುಡಿದಳು. ಟೇಪಮ್ಮ ಒಂದು ಯೂನಿಫಾರ್ಮಿನ ಒಳಮಡಿಕೆ ಹೊಲಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಊರ ಮಕ್ಕಳ ಬಟ್ಟೆಗೆಲ್ಲ ನಾಲ್ಕು ನಾಲ್ಕು ಬೆರಳು ಬಿಟ್ಟೆ ಕಣೇ," ಎಂದಳು. "ನಿನಗೆ ಒಂದು ಬೆರಳೂ ಬಿಡಲಿಲ್ಲ."

ಮಗಳು ಲೋಟ ಕೆಳಗಿಟ್ಟು ತಾಯಿಯನ್ನು ನೋಡಿದಳು.

"ನಿಂಗ್ಯಾರು ಬಿಟ್ಟಿದ್ರಮ್ಮ?"

ಟೇಪಮ್ಮನನ್ನು ಆವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಅವಳು ಹೊಲಿಯುತ್ತಿದ್ದ ಲಂಗವನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು.